ಎದುರಾಳಿ ಕೈಲಿ ಯಾವ ಎಲೆ ಇದೆ? ಪೋಕರ್‌ನಲ್ಲಿ ರೇಂಜ್ ಕಟ್ಟೋದು ಹೇಗೆ

ಪೋಕರ್ ಹೊಸದಾಗಿ ಆಡೋರು ತುಂಬಾ ಜನ ಎದುರಾಳಿ ರೇಯ್ಸ್ ಮಾಡಿದ ತಕ್ಷಣ "ಇವನ ಹತ್ರ ಏಸ್-ಕಿಂಗ್ ಇದೆ" ಅಂತ ಒಂದೇ ಒಂದು ಕೈ ತಲೇಲಿ ಫಿಕ್ಸ್ ಮಾಡ್ಕೊಂಡು ಬಿಡ್ತಾರೆ, ಆಮೇಲೆ ಪೂರ್ತಿ ಆಟ ಆ ಒಂದು ಊಹೆ ಮೇಲೇನೇ ನಡೆಯುತ್ತೆ, ಸರಿ ಆದ್ರೆ ತಾನು ಮನಸ್ಸು ಓದಿದೆ ಅನ್ಸುತ್ತೆ, ತಪ್ಪಾದ್ರೆ ಅದೃಷ್ಟ ಕೈಕೊಡ್ತು ಅನ್ಸುತ್ತೆ. ಚೆನ್ನಾಗಿ ಆಡೋರು ಈ ರೀತಿ ಯೋಚನೆ ಮಾಡೋದೇ ಇಲ್ಲ. ಅವರು ಕೇಳ್ಕೊಳ್ಳೋ ಪ್ರಶ್ನೆ ಒಂದೇ: ಇಲ್ಲಿವರೆಗೆ ಇವನು ಮಾಡಿದ್ದನ್ನೆಲ್ಲ ಯಾವ್ಯಾವ ಕೈ ಇಟ್ಕೊಂಡು ಮಾಡ್ತಿದ್ದ? ಆ ಎಲ್ಲಾ ಕೈಗಳ ಗುಂಪಿಗೇ ರೇಂಜ್ ಅನ್ನೋದು. ಕೆಳಗೆ ಬರೆದಿರೋದು ನೋ-ಲಿಮಿಟ್ ಟೆಕ್ಸಸ್ ಹೋಲ್ಡೆಮ್‌ಗೆ, ಪ್ರತಿಯೊಬ್ಬರಿಗೂ ಎರಡು ಎಲೆ, ನಡುವೆ ಐದು ಎಲೆ, ಆಟದ ಬೇಸಿಕ್ ನಿಯಮ ನಿಮಗೆ ಗೊತ್ತು ಅಂತ ಅಂದ್ಕೊಂಡು ಹೇಳ್ತಿದ್ದೀನಿ.

ಮೊದಲು ಎಣಿಸೋದು ಕಲೀರಿ

ಇದನ್ನ ಬಿಟ್ಟು ಮುಂದಕ್ಕೆ ಹೋಗಬೇಡಿ, ಯಾಕಂದ್ರೆ ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿರೋದು. 52 ಎಲೆಯಿಂದ ಎರಡು ಎಲೆ ಎತ್ತೋಕೆ ಒಟ್ಟು 1326 ರೀತಿ ಇದೆ. ಸೂಟ್ ಬೇರೆ ಆದ್ರೂ ಒಂದೇ ಥರದ ಕೈಗಳನ್ನ ಒಟ್ಟಿಗೆ ಸೇರಿಸಿದ್ರೆ 169 ಬಗೆ ಬರುತ್ತೆ, ಪೋಕರ್ ಆಡೋರು ನೋಡೋ 13×13 ಚೌಕದ ಚಾರ್ಟ್ ಅದೇ. ಆದ್ರೆ ಈ 169ರಲ್ಲಿ ಎಲ್ಲಾ ಬಗೆನೂ ಒಂದೇ ಸಮ ಬರಲ್ಲ, ಕೆಲವು ಜಾಸ್ತಿ ಬರುತ್ತೆ. ಒಂದು ಪೇರ್, ಅಂದ್ರೆ ಎರಡು ಏಸ್ ಅಥವಾ ಎರಡು 7, ಇದು 6 ರೀತೀಲಿ ಬರಬಹುದು. ಏಸ್-ಕಿಂಗ್ ಥರ ಜೋಡಿ ಅಲ್ಲದ ಕೈ 16 ರೀತೀಲಿ ಬರುತ್ತೆ, ಅದರಲ್ಲಿ ಒಂದೇ ಸೂಟ್‌ನವು (ಸೂಟೆಡ್) 4, ಬೇರೆ ಬೇರೆ ಸೂಟ್‌ನವು (ಆಫ್‌ಸೂಟ್) 12. ಇಂಥ ಒಂದೊಂದು ರೀತಿಗೆ ಕಾಂಬೋ ಅಂತಾರೆ. 6, 4, 12, ಈ ಮೂರು ನಂಬರ್ ಬಾಯಿಪಾಠ ಆಗ್ಬೇಕು.

ಇದರಿಂದ ಏನು ಲಾಭ ಅಂತ ಒಂದು ಉದಾಹರಣೆಲಿ ನೋಡಿ. ನಿಮ್ಮ ಕೈಲಿ ಎರಡು ಕ್ವೀನ್ ಇದೆ, ನೀವು ರೇಯ್ಸ್ ಮಾಡಿದ್ರಿ, ತುಂಬಾ ಬಿಗಿಯಾಗಿ ಆಡೋ ಒಬ್ಬರು ಅದರ ಮೇಲೆ ಮತ್ತೆ ರೇಯ್ಸ್ ಮಾಡಿದ್ರು, ಅಂದ್ರೆ ತ್ರೀ-ಬೆಟ್. ಅವರ ರೇಂಜ್ ಕ್ವೀನ್ ಪೇರ್‌ನಿಂದ ಮೇಲಕ್ಕೆ, ಜೊತೆಗೆ ಏಸ್-ಕಿಂಗ್, ಅಷ್ಟೇ ಅಂತ ಇಟ್ಕೊಳ್ಳಿ. ಭಯ ಬಿದ್ದೋರಿಗೆ ಕಣ್ಮುಂದೆ ಬರೋದು ಏಸ್ ಪೇರ್ ಮಾತ್ರ. ಎಣಿಸಿ ನೋಡಿ: ಏಸ್ ಪೇರ್ 6, ಕಿಂಗ್ ಪೇರ್ 6, ಎರಡು ಕ್ವೀನ್ ನಿಮ್ಮ ಹತ್ರ ಇರೋದ್ರಿಂದ ಕ್ವೀನ್ ಪೇರ್ 1, ಏಸ್-ಕಿಂಗ್ 16. ಒಟ್ಟು 29ರಲ್ಲಿ ನಿಮ್ಮನ್ನ ಆಗಲೇ ಸೋಲಿಸಿರೋದು 12, ನೀವು ಮುಂದಿರೋದು 16. ಇಷ್ಟು ಬಿಗಿ ರೇಂಜ್ ಎದುರೂ ಅರ್ಧಕ್ಕಿಂತ ಜಾಸ್ತಿ ಸಲ ನಿಮ್ಮ ಕೈನೇ ಸದ್ಯಕ್ಕೆ ಮುಂದೆ, ಹಾಗಂತ ಏಸ್-ಕಿಂಗ್‌ಗೆ ಮುಂದೆ ಏಸೋ ಕಿಂಗೋ ಬೀಳಲ್ಲ ಅಂತಲ್ಲ, ಆದ್ರೆ ಹೆದರಿ ಎಲೆ ಬಿಸಾಕೋ ಪರಿಸ್ಥಿತಿ ಖಂಡಿತ ಇಲ್ಲ.

ಶುರುವಿನ ರೇಂಜ್: ಎಲ್ಲಿ ಕೂತಿದ್ದಾರೆ, ಯಾರು ಕೂತಿದ್ದಾರೆ

ಫ್ಲಾಪ್, ಅಂದ್ರೆ ನಡುವಿನ ಮೊದಲ ಮೂರು ಎಲೆ, ಬೀಳೋಕೆ ಮುಂಚೆನೇ ಅರ್ಧ ಕೆಲಸ ಮುಗೀಬೇಕು. ಮೊದಲ ಪ್ರಶ್ನೆ ಪೊಸಿಷನ್. ಮೊದಲು ಆಡಬೇಕಾದ ಸೀಟಲ್ಲಿ ಕೂತೋರ ಹಿಂದೆ ಇನ್ನೂ ತುಂಬಾ ಜನ ಆಡೋದಿರುತ್ತೆ, ಆದ್ದರಿಂದ ಅಲ್ಲಿಂದ ರೇಯ್ಸ್ ಬಂದ್ರೆ ಒಳ್ಳೆ ಕೈ ಇರೋ ಸಾಧ್ಯತೆ ಜಾಸ್ತಿ, ತುಂಬಿದ ಟೇಬಲ್‌ನಲ್ಲಿ ಆ ಸೀಟಿಂದ ಸುಮಾರು 10 ಪರ್ಸೆಂಟ್ ಕೈ ಮಾತ್ರ ಆಡೋದು ಮಾಮೂಲಿ. ಅದೇ ಆಟಗಾರ ಬಟನ್ (ಡೀಲರ್ ಸೀಟು) ಮೇಲಿದ್ದು ಎಲ್ಲರೂ ಅವನವರೆಗೆ ಫೋಲ್ಡ್ ಮಾಡಿದ್ರೆ 40 ಪರ್ಸೆಂಟ್ ಮೇಲೇನೇ ಕೈಗಳನ್ನ ರೇಯ್ಸ್ ಮಾಡ್ತಾನೆ. ಒಬ್ಬನೇ ಮನುಷ್ಯ, ಅದೇ ಸೈಜಿನ ಬೆಟ್, ಆದ್ರೆ ರೇಂಜ್ ನಾಲ್ಕು ಪಟ್ಟು.

ಎರಡನೇ ಪ್ರಶ್ನೆ ಆಟಗಾರ ಎಂಥವನು ಅನ್ನೋದು. ಆನ್‌ಲೈನ್‌ನಲ್ಲಿ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಬಳಸೋರು ಎರಡು ನಂಬರ್ ಮೊದಲು ನೋಡ್ತಾರೆ, ವಿಪಿಐಪಿ ಮತ್ತೆ ಪಿಎಫ್ಆರ್. ಮೊದಲನೇದು ನೂರರಲ್ಲಿ ಎಷ್ಟು ಕೈಗೆ ತಾನಾಗೇ ಚಿಪ್ಸ್ ಹಾಕ್ತಾನೆ ಅನ್ನೋದು, ಕಟ್ಟಲೇಬೇಕಾದ ಬ್ಲೈಂಡ್ ಇದಕ್ಕೆ ಸೇರಲ್ಲ, ಎರಡನೇದು ಫ್ಲಾಪ್‌ಗೆ ಮುಂಚೆ ಎಷ್ಟು ಸಲ ರೇಯ್ಸ್ ಮಾಡ್ತಾನೆ ಅನ್ನೋದು. 25 ಮತ್ತೆ 20 ಇದ್ರೆ ಆಯ್ದು ಆಡ್ತಾನೆ, ಆಡಿದಾಗ ಜೋರಾಗಿ ಆಡ್ತಾನೆ. 50 ಮತ್ತೆ 5 ಇದ್ರೆ ಸಿಕ್ಕಿದ್ದಕ್ಕೆಲ್ಲ ಕಾಲ್ ಮಾಡ್ತಾನೆ, ಆದ್ರೆ ರೇಯ್ಸ್ ಮಾಡಿದ್ರೆ ನಿಜಕ್ಕೂ ದೊಡ್ಡ ಕೈ ಇರುತ್ತೆ. ಈ ನಂಬರ್‌ಗಳನ್ನ ನಂಬೋಕೆ ನೂರಾರು ಕೈ ಆದ್ರೂ ನೋಡಿರಬೇಕು, ಇಪ್ಪತ್ತು ಕೈ ನೋಡಿ ಯಾರ ಮೇಲೂ ಹಣೆಪಟ್ಟಿ ಅಂಟಿಸಬೇಡಿ. ಸಾಫ್ಟ್‌ವೇರ್ ಇಲ್ದೇ ಎದುರುಬದುರು ಕೂತು ಆಡೋರು ನೀವು ಫೋಲ್ಡ್ ಮಾಡಿದ ಮೇಲೂ ಕಣ್ಣು ಟೇಬಲ್ ಮೇಲೇ ಇಡಿ, ಯಾರು ಎಷ್ಟು ಕೈಗೆ ಇಳೀತಾರೆ, ಇಳಿದಾಗ ರೇಯ್ಸ್ ಮಾಡಿ ಬರ್ತಾರಾ ಸುಮ್ನೆ ಕಾಲ್ ಮಾಡಿ ಬರ್ತಾರಾ, ಇಷ್ಟು ಗಮನಿಸಿದ್ರೂ ಕೆಲಸ ಸಾಗುತ್ತೆ.

ಕೈ ನಡುಗೋದು, ಉಸಿರು ಬಿಗಿ ಹಿಡಿಯೋದು, ಚಿಪ್ಸ್ ಕಡೆ ಕಳ್ಳನೋಟ ಬೀರೋದು, ಇದರ ಬಗ್ಗೆ ಎಲ್ಲರಿಗೂ ಆಸೆ ಜಾಸ್ತಿ. ನನ್ನ ಅಭಿಪ್ರಾಯದಲ್ಲಿ ಅದನ್ನ ಕೊನೇಲಿ ನೋಡಿ, ಲೆಕ್ಕ ಎರಡೂ ಕಡೆ ಸಮ ಬಂದಾಗ ಮಾತ್ರ. ಬೆಟ್ ಮಾಡಿದ್ದು, ಎಷ್ಟು ಮಾಡಿದ್ದು, ಯಾವಾಗ ಮಾಡಿದ್ದು, ಇದು ಮುಖಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತೆ.

ಪ್ರತಿ ಸುತ್ತಲ್ಲೂ ಕಳೀತಾ ಹೋಗಿ

ರೇಂಜ್ ಅನ್ನೋದು ಜರಡಿ ಹಿಡಿದ ಹಾಗೆ, ಒಂದು ಸಲ ಕೆಳಗೆ ಬಿದ್ದಿದ್ದು ಮತ್ತೆ ಮೇಲೆ ಬರಲ್ಲ. ಇದೊಂದನ್ನ ಗಟ್ಟಿಯಾಗಿ ಹಿಡ್ಕೊಂಡ್ರೆ ನಿಮ್ಮ ಆಟ ಅಲ್ಲೇ ಸುಧಾರಿಸುತ್ತೆ. ಕೊನೇ ಎಲೆ 2 ಬಿದ್ದಾಗ "ಅಯ್ಯೋ ಇವನ ಹತ್ರ 2ರ ಪೇರ್ ಇದ್ರೆ" ಅಂತ ಅನ್ಸುತ್ತೆ, ಆದ್ರೆ ಅವನು ಮೊದಲ ಸೀಟಿಂದ 10 ಪರ್ಸೆಂಟ್ ರೇಂಜ್ ಆಡೋನು, ಆ ಕೈನ ಆವತ್ತೇ ತೆಗೆದಿದ್ದೀರಿ, ಈಗ ಭಯ ಆಯ್ತು ಅಂತ ವಾಪಸ್ ಸೇರಿಸೋ ಹಾಗಿಲ್ಲ. ಶುರುವಿನಲ್ಲೇ ರೇಂಜ್ ತಪ್ಪಾಗಿ ಕಟ್ಟಿದ್ರೆ ಅದು ಬೇರೆ ವಿಷಯ, ಮುಂದಿನ ಸಲಕ್ಕೆ ತಿದ್ಕೊಳ್ಳಿ.

ಕಳೆಯೋವಾಗ ಒಂದೊಂದು ನಡೆಗೂ ಏನು ಅರ್ಥ ಅಂತ ತಿಳಿದಿರಬೇಕು. ಪಾಟ್‌ನ ಮೂರನೇ ಒಂದು ಭಾಗದಷ್ಟು ಚಿಕ್ಕ ಬೆಟ್ ಸಾಮಾನ್ಯವಾಗಿ ಅಗಲವಾದ ರೇಂಜ್‌ನಿಂದ ಬರುತ್ತೆ, ಅದರಿಂದ ಹೆಚ್ಚು ಕಳೆಯೋಕೆ ಆಗಲ್ಲ. ಪಾಟ್‌ನಷ್ಟೋ ಅದಕ್ಕಿಂತ ದೊಡ್ಡದೋ ಬೆಟ್ ಬಂದ್ರೆ ಮಧ್ಯಮ ಕೈಗಳು ಉದುರಿ ಹೋಗಿ ಒಂದೋ ಭಾರಿ ಕೈ ಇಲ್ಲಾ ಏನೂ ಇಲ್ಲದ ಬ್ಲಫ್ ಉಳಿಯುತ್ತೆ, ಯಾಕಂದ್ರೆ ಮಧ್ಯಮ ಪೇರ್ ಇಟ್ಕೊಂಡು ಅಷ್ಟು ದೊಡ್ಡ ಬೆಟ್ ಮಾಡಿದ್ರೆ ಚಿಕ್ಕ ಕೈಗಳೆಲ್ಲ ಓಡಿಹೋಗಿ ದೊಡ್ಡವು ಮಾತ್ರ ಕಾಲ್ ಮಾಡ್ತವೆ, ಅದರಿಂದ ಯಾರಿಗೂ ಪ್ರಯೋಜನ ಇಲ್ಲ.

ಕಾಲ್‌ನಲ್ಲೂ ಮಾಹಿತಿ ಇರುತ್ತೆ. ಬೋರ್ಡ್ ಮೇಲೆ ಫ್ಲಶ್ ಡ್ರಾ, ಸ್ಟ್ರೇಟ್ ಡ್ರಾ (ಬೇಕಾದ ಎಲೆ ಬಂದ್ರೆ ಫ್ಲಶ್ಶೋ ಸ್ಟ್ರೇಟೋ ಆಗೋ ಸಾಧ್ಯತೆ) ಎಲ್ಲಾ ತುಂಬಿರೋವಾಗ ಸೆಟ್ (ಕೈಲಿರೋ ಪೇರ್‌ಗೆ ನಡುವೆ ಅದೇ ನಂಬರ್ ಸಿಕ್ಕಿ ಮೂರಾಗಿದ್ದು) ಅಥವಾ ಟೂ ಪೇರ್ ಇರೋರು ಬಹಳಷ್ಟು ಸಲ ಅಲ್ಲೇ ರೇಯ್ಸ್ ಮಾಡ್ತಾರೆ, ಅಗ್ಗವಾಗಿ ಇನ್ನೊಂದು ಎಲೆ ತೋರಿಸೋಕೆ ಇಷ್ಟಪಡಲ್ಲ. ಆದ್ದರಿಂದ ಸುಮ್ನೆ ಕಾಲ್ ಮಾಡಿದ್ರೆ ಅವರ ರೇಂಜ್‌ನಲ್ಲಿ ಒಂದು ಪೇರ್ ಮತ್ತು ಡ್ರಾ ಜಾಸ್ತಿ, ಭಾರಿ ಕೈ ಕಡಿಮೆ. ಇದಕ್ಕೆ ಕ್ಯಾಪ್ ಆದ ರೇಂಜ್ ಅಂತಾರೆ, ಮೇಲ್ಗಡೆಗೆ ಮುಚ್ಚಳ ಬಿದ್ದಿದೆ ಅಂತ. ಡ್ರಾ ಹೆಚ್ಚಿಲ್ಲದ ಒಣ ಬೋರ್ಡ್ ಇದ್ರೆ ಈ ತರ್ಕ ಅಷ್ಟು ನಡೆಯಲ್ಲ, ಅಲ್ಲಿ ದೊಡ್ಡ ಕೈ ಇರೋರೂ ನಿಧಾನವಾಗಿ ಬಲೆ ಹಾಕ್ತಾರೆ.

ಒಂದು ಪೂರ್ತಿ ಕೈ, ಎಣಿಸ್ಕೊಂಡು

ಪೆನ್ನು ಪೇಪರ್ ತಗೊಳ್ಳಿ, ಇದನ್ನ ಓದೋದಕ್ಕಿಂತ ಜೊತೆಗೆ ಬರೀತಾ ಹೋದ್ರೆ ಚೆನ್ನಾಗಿ ತಲೆಗೆ ಹತ್ತುತ್ತೆ.

ಮೊದಲ ಸೀಟಿಂದ ಒಬ್ಬ ರೇಯ್ಸ್ ಮಾಡ್ತಾನೆ. ನೀವು ಬಿಗ್ ಬ್ಲೈಂಡ್‌ನಲ್ಲಿ ಹಾರ್ಟ್ ಕಿಂಗ್ ಮತ್ತು ಹಾರ್ಟ್ ಜ್ಯಾಕ್ ಇಟ್ಕೊಂಡು ಕಾಲ್ ಮಾಡ್ತೀರಿ. ಅವನ ರೇಂಜ್ ಹೀಗೆ ಅಂತ ಅಂದ್ಕೊಳ್ಳೋಣ: 7ರ ಪೇರ್‌ನಿಂದ ಏಸ್ ಪೇರ್‌ವರೆಗೆ 48 ಕಾಂಬೋ, ಸೂಟೆಡ್ ಏಸ್ ಜೊತೆ 10, ಜ್ಯಾಕ್, ಕ್ವೀನ್, ಕಿಂಗ್ 16, ಸೂಟೆಡ್ ಕಿಂಗ್ ಜೊತೆ 10, ಜ್ಯಾಕ್, ಕ್ವೀನ್ 12, ಸೂಟೆಡ್ ಕ್ವೀನ್-ಜ್ಯಾಕ್ ಮತ್ತು ಜ್ಯಾಕ್-10 ಸೇರಿ 8, ಆಫ್‌ಸೂಟ್ ಏಸ್-ಜ್ಯಾಕ್, ಏಸ್-ಕ್ವೀನ್, ಏಸ್-ಕಿಂಗ್ 36, ಆಫ್‌ಸೂಟ್ ಕಿಂಗ್-ಕ್ವೀನ್ 12. ಒಟ್ಟು 132, ಅಂದ್ರೆ 1326ರಲ್ಲಿ ಸರಿಸುಮಾರು 10 ಪರ್ಸೆಂಟ್.

ಫ್ಲಾಪ್‌ನಲ್ಲಿ ಸ್ಪೇಡ್ ಕಿಂಗ್, ಡೈಮಂಡ್ 9, ಕ್ಲಬ್ 4. ಈಗ ಮೊದಲು ಮಾಡಬೇಕಾದ್ದು ಕಣ್ಣಿಗೆ ಕಾಣ್ತಿರೋ ಎಲೆಗಳನ್ನ ಅವನ ರೇಂಜ್‌ನಿಂದ ತೆಗೆಯೋದು. ನಿಮ್ಮ ಹತ್ರ ಒಂದು ಕಿಂಗ್, ಬೋರ್ಡ್ ಮೇಲೆ ಒಂದು, ಉಳಿದಿರೋದು ಎರಡೇ ಕಿಂಗ್, ಹಾಗಾಗಿ ಕಿಂಗ್ ಪೇರ್ 6ರಿಂದ 1ಕ್ಕೆ ಇಳೀತು, ಏಸ್-ಕಿಂಗ್ 16ರಿಂದ 8ಕ್ಕೆ, ಕಿಂಗ್-ಕ್ವೀನ್ ಕೂಡ 8ಕ್ಕೆ. 9ರ ಪೇರ್ 3, ಜ್ಯಾಕ್ ಪೇರ್ 3. ಹೀಗೆ ಎಲ್ಲಾ ತೆಗೆದ್ರೆ 132 ಇದ್ದಿದ್ದು 95 ಆಗುತ್ತೆ, ಈ ಸುತ್ತಲ್ಲಿ ಅವನಿನ್ನೂ ಒಂದು ಚಿಪ್ ಮುಂದಿಟ್ಟಿಲ್ಲ!

ಪಾಟ್ 100 ಚಿಪ್ಸ್, ಅವನು 50 ಬೆಟ್ ಮಾಡ್ತಾನೆ. ಇಂಥ ಬೋರ್ಡ್ ಮೇಲೆ ಮೊದಲು ರೇಯ್ಸ್ ಮಾಡಿದೋನು ಹೆಚ್ಚುಕಮ್ಮಿ ಎಲ್ಲದರ ಜೊತೆಗೂ ಒಂದು ಬೆಟ್ ಹಾಕ್ತಾನೆ, ಆದ್ದರಿಂದ ಇಲ್ಲಿ ಏನೂ ಕಳೆಯಬೇಡಿ. ಕಾಲ್ ಮಾಡ್ತೀರಿ, ಪಾಟ್ 200.

ಟರ್ನ್, ಅಂದ್ರೆ ನಾಲ್ಕನೇ ಎಲೆ, ಹಾರ್ಟ್ 7. ಅವನು 150 ಬೆಟ್ ಮಾಡ್ತಾನೆ. ಇಲ್ಲಿ ನಿಜವಾದ ಕತ್ತರಿ ಬೀಳುತ್ತೆ. ಒಂದು ಸಲ ಕಾಲ್ ಮಾಡಿದ ನಿಮ್ಮ ಹತ್ರ ಕಿಂಗ್ ಇರಬಹುದು ಅಂತ ಅವನಿಗೂ ಗೊತ್ತು, ಹಾಗಿರೋವಾಗ ಕ್ವೀನ್, ಜ್ಯಾಕ್, 10, 8ರ ಪೇರ್‌ಗಳ ಜೊತೆ ಪಾಟ್‌ನ ಮುಕ್ಕಾಲು ಭಾಗ ಬೆಟ್ ಮಾಡೋರು ಕಡಿಮೆ, ಚೆಕ್ ಮಾಡಿ ಅಗ್ಗವಾಗಿ ಕೊನೆ ಮುಟ್ಟೋಕೆ ನೋಡ್ತಾರೆ, 21 ಕಾಂಬೋ ಹೋಯ್ತು. ಆಫ್‌ಸೂಟ್ ಏಸ್-ಕ್ವೀನ್, ಏಸ್-ಜ್ಯಾಕ್ ಬಹುಪಾಲು ಇಲ್ಲೇ ಕೈಬಿಡ್ತವೆ, ಇನ್ನೊಂದು 21 ಹೋಯ್ತು. 7ರ ಪೇರ್ ಈಗ ಸೆಟ್ ಆಗಿದೆ, ಆದ್ರೆ ಒಂದು 7 ಬೋರ್ಡ್ ಮೇಲಿರೋದ್ರಿಂದ 6 ಇದ್ದಿದ್ದು 3. ಉಳಿದಿದ್ದು ಸುಮಾರು 50. ಇನ್ನೊಂದು ಗಮನಿಸಿ, ಜ್ಯಾಕ್-10 ಇಟ್ಕೊಂಡಿರೋನಿಗೆ ಈಗ ಕ್ವೀನ್ ಬಂದ್ರೂ ಸ್ಟ್ರೇಟ್, 8 ಬಂದ್ರೂ ಸ್ಟ್ರೇಟ್, ಅವನು ಖುಷಿಯಾಗಿ ಬೆಟ್ ಮಾಡ್ತಾನೆ. ನೀವು ಕಾಲ್ ಮಾಡ್ತೀರಿ, ಪಾಟ್ 500.

ರಿವರ್, ಅಂದ್ರೆ ಕೊನೇ ಎಲೆ, ಸ್ಪೇಡ್ 2, ಯಾರಿಗೂ ಏನೂ ಬದಲಾಗಿಲ್ಲ. ಅವನು ಪೂರ್ತಿ 500 ಬೆಟ್ ಮಾಡ್ತಾನೆ. 1000 ಗೆಲ್ಲೋಕೆ ನೀವು 500 ಹಾಕಬೇಕು, ಅಂದ್ರೆ ಮೂರರಲ್ಲಿ ಒಂದು ಸಲ ಗೆದ್ರೆ ನಿಮ್ಮ ಚಿಪ್ಸ್ ವಾಪಸ್. (ಇದನ್ನೂ ನೆನಪಿಟ್ಕೊಳ್ಳಿ: ಪಾಟ್‌ನ ಮೂರನೇ ಒಂದು ಭಾಗ ಬೆಟ್ ಬಂದ್ರೆ 20 ಪರ್ಸೆಂಟ್ ಗೆಲುವು ಸಾಕು, ಅರ್ಧಕ್ಕೆ 25, ಪೂರ್ತಿ ಪಾಟ್‌ಗೆ 33, ಪಾಟ್‌ನ ಎರಡರಷ್ಟಕ್ಕೆ 40.)

ಈ ಸೈಜ್‌ನಲ್ಲಿ ನಿಮ್ಮನ್ನ ಸೋಲಿಸೋ ಕೈಗಳು ಯಾವುವು? ಏಸ್ ಪೇರ್ 6, ಕಿಂಗ್ ಪೇರ್ 1, 9ರ ಪೇರ್ 3, 7ರ ಪೇರ್ 3, ಏಸ್-ಕಿಂಗ್ 8, ಒಟ್ಟು 21. ಕಿಂಗ್-ಕ್ವೀನ್ ಇದ್ದೋನು ಇಷ್ಟು ದೊಡ್ಡ ಬೆಟ್ ಮಾಡೋದು ಅನುಮಾನ, ಸದ್ಯಕ್ಕೆ ಬಿಡಿ. ನೀವು ಸೋಲಿಸೋ ಕೈಗಳು ಅಂದ್ರೆ ತಪ್ಪಿಹೋದ ಡ್ರಾಗಳು: ಸೂಟೆಡ್ ಕ್ವೀನ್-ಜ್ಯಾಕ್ 3, ಜ್ಯಾಕ್-10 3, ಒಟ್ಟು 6. 27ರಲ್ಲಿ 6 ಅಂದ್ರೆ 22 ಪರ್ಸೆಂಟ್, ಬೇಕಾಗಿದ್ದು 33. ಫೋಲ್ಡ್.

ಆದ್ರೆ ಇದೇ ಕೈ, ಇದೇ ಬೋರ್ಡ್, ಎದುರಿಗೆ ಬಿಟ್ಟುಕೊಡೋಕೆ ಮನಸ್ಸಿಲ್ಲದ ಆಕ್ರಮಣಕಾರಿ ಆಟಗಾರ ಇದ್ದಾನೆ, ಸೂಟೆಡ್ ಏಸ್-ಕ್ವೀನ್, ಏಸ್-ಜ್ಯಾಕ್, ಏಸ್-10 ಇಟ್ಕೊಂಡೂ ಮೂರೂ ಸುತ್ತು ಬೆಟ್ ಹೊಡೀತಾನೆ ಅನ್ನಿ. ಅವು 11 ಕಾಂಬೋ, 6 ಸೇರಿ ಬ್ಲಫ್ 17 ಆಯ್ತು, 38ರಲ್ಲಿ 17 ಅಂದ್ರೆ 45 ಪರ್ಸೆಂಟ್ ಹತ್ರ. ಅವನು ಕಿಂಗ್-ಕ್ವೀನ್ ಕೂಡ ಬೆಟ್ ಮಾಡ್ತಾನೆ ಅಂತ 8 ಸೇರಿಸಿದ್ರೂ 46ರಲ್ಲಿ 17, ಸುಮಾರು 37 ಪರ್ಸೆಂಟ್. ಕಾಲ್. ನಿಮ್ಮ ಎಲೆ ಒಂದೂ ಬದಲಾಗಿಲ್ಲ, ಬದಲಾಗಿದ್ದು ಎದುರಿನವನು ಎಷ್ಟು ಬ್ಲಫ್ ಮಾಡ್ತಾನೆ ಅನ್ನೋ ನಿಮ್ಮ ಅಂದಾಜು ಮಾತ್ರ. ಅದಕ್ಕೇ ಶುರುವಿನಿಂದ ಆಟಗಾರನನ್ನ ಗಮನಿಸಿ ಅಂತ ಅಷ್ಟು ಒತ್ತಿ ಹೇಳಿದ್ದು.

ಬ್ಲಾಕರ್, ಚಿಕ್ಕ ವಿಷಯ ಆದ್ರೂ ರಿವರ್‌ನಲ್ಲಿ ದೊಡ್ಡದು

ನಿಮ್ಮ ಕೈಲಿರೋದ್ರಿಂದ ಎದುರಾಳಿಯ ಕೆಲವು ಕಾಂಬೋ ಕಮ್ಮಿ ಮಾಡೋ ಎಲೆಗೆ ಬ್ಲಾಕರ್ ಅಂತಾರೆ. ಮೇಲಿನ ಉದಾಹರಣೆಲಿ ನಿಮ್ಮ ಕಿಂಗ್ ಅವನ ಏಸ್-ಕಿಂಗ್‌ಗಳನ್ನ ಕಮ್ಮಿ ಮಾಡ್ತು, ಅದು ಕಾಲ್ ಮಾಡೋಕೆ ಒಳ್ಳೇದು. ಆದ್ರೆ ನಿಮ್ಮ ಜ್ಯಾಕ್ ಏನು ಮಾಡ್ತು ನೋಡಿ, ಅವನ ಬ್ಲಫ್‌ಗಳಾದ ಕ್ವೀನ್-ಜ್ಯಾಕ್, ಜ್ಯಾಕ್-10, ಏಸ್-ಜ್ಯಾಕ್ ಮೂರರಿಂದಲೂ ಒಂದೊಂದು ಕಾಂಬೋ ಕಿತ್ತುಕೊಳ್ತು. ಅದೇ ಜಾಗದಲ್ಲಿ ನಿಮ್ಮ ಹತ್ರ ಹಾರ್ಟ್ ಕಿಂಗ್ ಜೊತೆ ಹಾರ್ಟ್ 5 ಇದ್ದಿದ್ರೆ? ಅವನ ಭಾರಿ ಕೈಗಳ ಎದುರು ಎರಡೂ ಒಂದೇ, ಎರಡೂ ಸೋಲುತ್ತೆ, ಬ್ಲಫ್‌ಗಳ ಎದುರೂ ಎರಡೂ ಗೆಲ್ಲುತ್ತೆ, ಆದ್ರೆ 5 ಯಾವ ಬ್ಲಫ್‌ನೂ ತಡೆಯಲ್ಲ, ಹಾಗಾಗಿ ಆಕ್ರಮಣಕಾರಿ ಆಟಗಾರನ ಎದುರು 41ರಲ್ಲಿ 20, ಅಂದ್ರೆ 49 ಪರ್ಸೆಂಟ್ ಹತ್ರ ಆಗ್ತಿತ್ತು. ನೋಡೋಕೆ ಕಳಪೆ ಕೈ, ಕಾಲ್ ಮಾಡೋಕೆ ಉತ್ತಮ ಕೈ! ಹೋಲ್ಡೆಮ್‌ನಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು. ಫ್ಲಾಪ್‌ನಲ್ಲಿ ಬ್ಲಾಕರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅಲ್ಲಿ ರೇಂಜ್ ಇನ್ನೂ ದೊಡ್ಡದಿರುತ್ತೆ, ಒಂದೆರಡು ಕಾಂಬೋ ಲೆಕ್ಕಕ್ಕೇ ಬರಲ್ಲ.

ನಿಮ್ಮ ರೇಂಜ್ ಕೂಡ ಅವನಿಗೆ ಕಾಣ್ತಿರುತ್ತೆ

ಎದುರಾಳಿನೂ ಇದೇ ಲೆಕ್ಕ ಹಾಕ್ತಿದ್ದಾನೆ ಅನ್ನೋದು ಮರೀಬೇಡಿ. 2019ರಲ್ಲಿ ಆರು ಜನರ ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ ವೃತ್ತಿಪರ ಆಟಗಾರರನ್ನ ಸೋಲಿಸಿದ ಪ್ಲೂರಿಬಸ್ ಅನ್ನೋ ಪ್ರೋಗ್ರಾಂ ಇದೆಯಲ್ಲ, ಅದು ತನ್ನ ಕೈಲಿರೋ ಎಲೆ ಒಂದನ್ನೇ ನೋಡಿ ನಿರ್ಧಾರ ಮಾಡಲ್ಲ, ಆ ಜಾಗದಲ್ಲಿ ತನ್ನ ಹತ್ರ ಇರಬಹುದಾದ ಪ್ರತಿ ಕೈಗೂ ಏನು ಮಾಡ್ತಿದ್ದೆ ಅಂತ ಮೊದಲು ಲೆಕ್ಕ ಹಾಕುತ್ತೆ, ಆಮೇಲೆ ನಿಜವಾಗಿ ಇರೋ ಕೈ ಆಡುತ್ತೆ. ನಮಗೆ ಅಷ್ಟು ಲೆಕ್ಕ ಸಾಧ್ಯ ಇಲ್ಲ, ಆದ್ರೆ ಬ್ಲಫ್ ಮಾಡೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಬಹುದು: ನಿಜವಾಗ್ಲೂ ದೊಡ್ಡ ಕೈ ಇದ್ದಿದ್ರೆ ನಾನು ಇದೇ ಥರ ಆಡ್ತಿದ್ನಾ? ಇಲ್ಲ ಅಂದ್ರೆ ಗಮನ ಕೊಡೋ ಎದುರಾಳಿ ಆ ಬ್ಲಫ್ ಹಿಡೀತಾನೆ.

ಅಭ್ಯಾಸ ಹೇಗೆ

ಆಟದ ಮಧ್ಯೆ ಮೇಲಿನ ಥರ ಪೂರ್ತಿ ಎಣಿಸೋಕೆ ಟೈಮ್ ಸಿಗಲ್ಲ, ಅದು ಟೇಬಲ್‌ನಿಂದ ಎದ್ದ ಮೇಲೆ ಮಾಡೋ ಕೆಲಸ. ನಿಮಗೆ ಕಷ್ಟ ಅನ್ಸಿದ ಒಂದು ಕೈ ಬರ್ಕೊಳ್ಳಿ, ಮನೇಲಿ ಕೂತು ಶುರುವಿನ ರೇಂಜ್ ಕಟ್ಟಿ, ಪ್ರತಿ ಸುತ್ತಲ್ಲೂ ಏನು ಕಳೆದ್ರಿ, ಯಾಕೆ ಕಳೆದ್ರಿ ಅಂತ ಪಕ್ಕದಲ್ಲಿ ಬರೀರಿ. ಈಕ್ವಿಲ್ಯಾಬ್, ಫ್ಲಾಪ್‌ಜಿಲ್ಲಾ ಥರ ಪ್ರೋಗ್ರಾಂಗಳಲ್ಲಿ ಚಾರ್ಟ್ ಮೇಲೆ ಕೈಗಳನ್ನ ಕ್ಲಿಕ್ ಮಾಡಿ ನಿಮ್ಮ ಲೆಕ್ಕ ಸರಿ ಇದೆಯಾ ಅಂತ ನೋಡಬಹುದು, ಆದ್ರೆ ಮೊದಲು ಕೈಯಲ್ಲೇ ಎಣಿಸಿ, ಆಮೇಲೆ ತಾಳೆ ನೋಡಿ, ಇಲ್ಲಾಂದ್ರೆ ಆಟದ ಹೊತ್ತಲ್ಲಿ ತಲೆ ಓಡಲ್ಲ.

ಟೇಬಲ್ ಮೇಲೆ ಇದ್ದಾಗ ಅಷ್ಟು ನಿಖರತೆ ಬೇಡ. "ದೊಡ್ಡ ಕೈ ಇಪ್ಪತ್ತರ ಹತ್ರ, ಬ್ಲಫ್ ಐದಾರು" ಅಂತ ಅಂದಾಜು ಬಂದ್ರೂ ಸಾಕು, ಬಹುಪಾಲು ನಿರ್ಧಾರಕ್ಕೆ ಅಷ್ಟೇ ಬೇಕಿರೋದು. ಮೊದಮೊದಲು ನೀವು ಆಡದ ಕೈಗಳಲ್ಲಿ ಪ್ರಯತ್ನಿಸಿ, ನಿಮ್ಮ ಚಿಪ್ಸ್ ಒಳಗಿಲ್ಲದಾಗ ತಲೆ ತಣ್ಣಗಿರುತ್ತೆ. ಇಬ್ಬರಲ್ಲಿ ಒಬ್ಬರನ್ನ ಆರಿಸ್ಕೊಂಡು ಶುರುವಿಂದ ರೇಂಜ್ ಕಟ್ಟಿ, ಶೋಡೌನ್‌ನಲ್ಲಿ ಎಲೆ ತಿರುಗಿಸಿದಾಗ ಆ ಕೈ ನಿಮ್ಮ ಪಟ್ಟಿಯೊಳಗೆ ಇತ್ತಾ ನೋಡಿ. ಒಳಗಿತ್ತು ಅಂದ್ರೆ ಮುಂದಕ್ಕೆ ಹೋಗಿ. ಹೊರಗಿತ್ತು ಅಂದ್ರೆ ಯಾವ ಸುತ್ತಲ್ಲಿ ಅದನ್ನ ತೆಗೆದ್ರಿ ಅಂತ ಹಿಂದಕ್ಕೆ ಹೋಗಿ ಹುಡುಕಿ, ಆ ಆಟಗಾರನ ಹೆಸರಿನ ಮುಂದೆ ಒಂದು ಸಾಲು ಬರ್ಕೊಳ್ಳಿ, "ಮಧ್ಯಮ ಪೇರ್ ಇಟ್ಕೊಂಡೂ ಟರ್ನ್‌ನಲ್ಲಿ ದೊಡ್ಡ ಬೆಟ್ ಮಾಡ್ತಾನೆ" ಅಂತಲೋ "ಮೊದಲ ಸೀಟಿಂದಲೂ ಸಣ್ಣ ಸೂಟೆಡ್ ಎಲೆ ಆಡ್ತಾನೆ" ಅಂತಲೋ, ಮುಂದಿನ ಸಲ ಅವನ ರೇಂಜ್ ಕಟ್ಟೋವಾಗ ಆ ಸಾಲಿಂದಲೇ ಶುರು ಮಾಡಿ.